ಕ್ರಿಸ್‌ಮಸ್ ಉಡುಗೊರೆ: ಹೆಣಿಗೆ ಮತ್ತು ಹೊಲಿಗೆ

ಕೈಯಾರೆ ಹೆಣೆದ ಇಲ್ಲವೆ ಹೊಲಿದ ವಸ್ತುವನ್ನು ಕ್ರಿಸ್‌ಮಸ್ ಹಬ್ಬಕ್ಕೆ ಉಡುಗೊರೆ ಕೊಡುವ ಪದ್ಧತಿ ಬೇರೂರಿ ಬೆಳೆದದ್ದು ಉತ್ತರ ಯುರೋಪಿನ ಚಳಿಯಲ್ಲಿ. ಡಿಸೆಂಬರ್ 25ರ ಹೊತ್ತಿಗೆ ಅಲ್ಲಿ ಹಗಲು ಕೆಲವೇ ಗಂಟೆಗಳಿಗೆ ಇಳಿದಿರುತ್ತದೆ, ಹೊಲದ ಕೆಲಸ ನಿಂತಿರುತ್ತದೆ. ಒಲೆಯ ಪಕ್ಕದಲ್ಲಿ ಕೂತು ಮಾಡಬಹುದಾದ ಕೆಲಸವೆಂದರೆ ಉಣ್ಣೆಯದು. ಆ ಹವೆಯಲ್ಲಿ ಕೈಗವಸು, ಕಾಲುಚೀಲ, ಟೋಪಿಗಳು ಚಂದಕ್ಕೆ ತೊಡುವ ವಸ್ತುಗಳಲ್ಲ; ಅವಿಲ್ಲದೆ ಹೊರಗೆ ಕಾಲಿಡುವಂತಿಲ್ಲ. ಉಡುಗೊರೆಗಿಂತ ಮೊದಲು ಅದು ಅಗತ್ಯವಾಗಿತ್ತು. ಈ ಮಾತು ನೆನಪಿನಲ್ಲಿದ್ದರೆ ಇಂದಿಗೂ ಯಾರಿಗೆ ಏನು ಮಾಡಿಕೊಡಬೇಕು ಎಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ. ಪಡೆಯುವವರ ಊರಿನ ಹವೆಗೆ ಹೊಂದಬೇಕು, ಅವರ ದಿನದ ಬಳಕೆಗೆ ಒದಗಬೇಕು. ಉಳಿದದ್ದೆಲ್ಲ ಆಮೇಲಿನದು.

ಈ ಅಗತ್ಯದ ನೆನಪು ಐಸ್‌ಲ್ಯಾಂಡಿನ ಜನಪದದಲ್ಲಿ ಒಂದು ಬೆಕ್ಕಿನ ರೂಪದಲ್ಲಿ ಉಳಿದಿದೆ. ಮನೆಗಿಂತ ದೊಡ್ಡದಾದ ಈ ಕ್ರಿಸ್‌ಮಸ್ ಬೆಕ್ಕು ಹಬ್ಬದ ರಾತ್ರಿ ಊರೂರು ತಿರುಗಿ, ಒಂದಾದರೂ ಹೊಸ ಉಡುಪು ಸಿಗದವರನ್ನು ಹಿಡಿದು ತಿನ್ನುತ್ತದಂತೆ. ಶರತ್ಕಾಲದ ಉಣ್ಣೆಯನ್ನು ಹಬ್ಬದೊಳಗೆ ಹಿಂಜಿ, ನೂತು, ಹೆಣೆದು ಮುಗಿಸಬೇಕಿತ್ತು. ದುಡಿದವರಿಗೆ ಹೊಸ ಬಟ್ಟೆ, ಮೈಗಳ್ಳರಿಗೆ ಬೆಕ್ಕು ಎಂಬುದು ಈ ಕತೆಗೆ ಸಾಮಾನ್ಯವಾಗಿ ಕೊಡುವ ವಿವರಣೆ. ಚಳಿಗಾಲದ ಸಂಜೆ ಮನೆಮಂದಿಯೆಲ್ಲ ಒಂದೇ ಕೋಣೆಯಲ್ಲಿ ಕೂತು ಉಣ್ಣೆ ಕೆಲಸ ಮಾಡುತ್ತಿದ್ದರೆ, ಒಬ್ಬರು ಹಳೆಯ ವೀರಗಾಥೆಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಗಂಡಸರೂ ಮಕ್ಕಳೂ ಹೆಣೆಯುತ್ತಿದ್ದರು. ಯೋಹಾನ್ನೆಸ್ ಉರ್ ಕೋಟ್ಲುಂ ಎಂಬ ಕವಿ 1932ರ ತನ್ನ ಕ್ರಿಸ್‌ಮಸ್ ಕವನಗಳ ಪುಸ್ತಕದಲ್ಲಿ ಈ ಬೆಕ್ಕಿಗೆ ಜಾಗ ಕೊಟ್ಟ ಮೇಲೆ ಅದು ಮನೆಮಾತಾಯಿತು. ಈಚಿನ ವರ್ಷಗಳಲ್ಲಿ ರಾಜಧಾನಿ ರೇಕ್ಯಾವಿಕ್‌ನ ಚೌಕದಲ್ಲಿ ಹಬ್ಬದ ಸಮಯಕ್ಕೆ ದೀಪಗಳಿಂದ ಮಾಡಿದ ಭಾರಿ ಬೆಕ್ಕನ್ನೇ ನಿಲ್ಲಿಸುತ್ತಾರೆ. ಹೊಸ ಬಟ್ಟೆ ಎಂದರೆ ಒಂದು ಜೊತೆ ಕಾಲುಚೀಲವಾದರೂ ಸಾಕು, ಬೆಕ್ಕು ಮುಟ್ಟುವುದಿಲ್ಲ. ಹೆಣೆಯುವವರಿಗೆ ಇದು ದೊಡ್ಡ ಸಮಾಧಾನ.

ನಾರ್ವೆಯಲ್ಲಿ ಟ್ರಾಂಡ್‌ಹೈಮ್ ನಗರದ ಹತ್ತಿರ ಸೆಲ್ಬು ಎಂಬ ಊರಿದೆ. 1857ರಲ್ಲಿ ಅಲ್ಲಿನ ಮಾರಿಟ್ ಎಮ್‌ಸ್ಟಾಡ್ ಎಂಬ ಹುಡುಗಿ ಕಪ್ಪು ಬಿಳಿ ಎರಡೂ ನೂಲನ್ನು ಒಟ್ಟಿಗೆ ಹಿಡಿದು, ಎಂಟೆಸಳಿನ ಹೂವು ಮೂಡುವಂತೆ ಕೈಗವಸು ಹೆಣೆದಳು. ಚರ್ಚಿಗೆ ತೊಟ್ಟುಹೋದ ಆ ಗವಸು ಊರಿಗೆಲ್ಲ ಹಬ್ಬಿ, ಕೊನೆಗೆ ಊರಿನ ಜೀವನೋಪಾಯವೇ ಆಯಿತು. ಇಂದು ಜಗತ್ತಿನ ಯಾವುದೇ ಅಂಗಡಿಯ ಕ್ರಿಸ್‌ಮಸ್ ಸ್ವೆಟರಿನ ಮೇಲೆ ಕಾಣುವ ನಕ್ಷತ್ರದಂಥ ಹೂವು ಬಹುಮಟ್ಟಿಗೆ ಇದೇ. ಇದರ ಗುಣ ಬರೀ ಅಂದದಲ್ಲಿಲ್ಲ. ಎರಡು ಬಣ್ಣದ ಹೆಣಿಗೆಯಲ್ಲಿ ಒಂದು ನೂಲು ಮುಂದೆ ಕುಣಿಕೆ ಕಟ್ಟುವಾಗ ಇನ್ನೊಂದು ಹಿಂದೆ ಸಾಗುತ್ತಿರುತ್ತದೆ. ಹೀಗಾಗಿ ಗವಸಿನ ಒಳಮೈಯಲ್ಲಿ ಇನ್ನೊಂದು ಪದರ ಕೂತು, ನಡುವೆ ಗಾಳಿ ನಿಂತು, ಕೈ ಬೆಚ್ಚಗಿರುತ್ತದೆ. ಚಿತ್ತಾರ ಹೆಚ್ಚಿದಷ್ಟೂ ಚಳಿ ದೂರ.

ಹೆಣಿಗೆಗೂ ಕ್ರಿಸ್ತನ ಬಾಲ್ಯಕ್ಕೂ ನಂಟು ಕಟ್ಟಿದ ಒಂದು ಹಳೆಯ ಚಿತ್ರವಿದೆ. 1400ರ ಸುಮಾರಿಗೆ ಮಾಸ್ಟರ್ ಬೆರ್ಟ್ರಾಮ್ ಎಂಬ ಜರ್ಮನ್ ಕಲಾವಿದ ಬುಕ್ಸ್‌ಟೆಹುಡೆಯ ಪೂಜಾಪೀಠಕ್ಕಾಗಿ ಬರೆದ ಇದು ಈಗ ಹ್ಯಾಂಬರ್ಗಿನ ಕಲಾ ಸಂಗ್ರಹಾಲಯದಲ್ಲಿದೆ. ಮರಿಯಮ್ಮ ಕೂತು ಮಗುವಿನ ಅಂಗಿಯೊಂದನ್ನು ಹೆಣೆಯುತ್ತಿದ್ದಾಳೆ. ಮೈ, ತೋಳು ಮುಗಿದಿವೆ. ಕುತ್ತಿಗೆಯ ಸುತ್ತ ನಾಲ್ಕು ಕಡ್ಡಿಗಳು ಚೌಕವಾಗಿ ನಿಂತಿವೆ. ನಾಲ್ಕು ಕಡ್ಡಿಯ ಮೇಲೆ ಸುತ್ತುತ್ತಾ ಹೆಣೆದರೆ ಎಲ್ಲಿಯೂ ಜೋಡಣೆಯ ಹೊಲಿಗೆ ಬರುವುದಿಲ್ಲ. ಯೇಸುವಿನ ಅಂಗಿಗೆ ಹೊಲಿಗೆಯೇ ಇರಲಿಲ್ಲ ಎಂದು ಯೋಹಾನನ ಸುವಾರ್ತೆ ಹೇಳುತ್ತದೆ. ಚಿತ್ರಕಾರ ಅದಕ್ಕೆ ತನ್ನ ಕಾಲದ ಹೆಂಗಸರ ಕೈಕೆಲಸದಲ್ಲಿ ಉತ್ತರ ಕಂಡುಕೊಂಡಂತಿದೆ. ಟೋಪಿ, ಕಾಲುಚೀಲ, ಕೈಗವಸುಗಳನ್ನು ಇಂದಿಗೂ ಇದೇ ಕ್ರಮದಲ್ಲಿ ಹೆಣೆಯುತ್ತಾರೆ.

ಹಬ್ಬಕ್ಕೆ ಕಾಲುಚೀಲ ತೂಗುಹಾಕುವ ಪದ್ಧತಿಯೂ ನಿಜವಾದ ಕಾಲುಚೀಲದಿಂದಲೇ ಬಂದದ್ದು. ನಾಲ್ಕನೆಯ ಶತಮಾನದಲ್ಲಿ ಈಗಿನ ತುರ್ಕಿಯ ಮೈರಾ ಪಟ್ಟಣದ ಬಿಷಪ್ ಆಗಿದ್ದ ಸಂತ ನಿಕೊಲಾಸ್, ಬಡವನೊಬ್ಬನ ಮೂವರು ಹೆಣ್ಣುಮಕ್ಕಳ ಮದುವೆಗೆಂದು ರಾತ್ರಿಯಲ್ಲಿ ಚಿನ್ನದ ಗಂಟು ಎಸೆದನೆಂದು ಐತಿಹ್ಯ. ಆ ಚಿನ್ನ ಒಲೆಯ ಮುಂದೆ ಒಣಹಾಕಿದ್ದ ಕಾಲುಚೀಲದೊಳಗೆ ಬಿತ್ತು ಎಂಬ ಮಾತು ಕತೆಗೆ ಆಮೇಲೆ ಸೇರಿಕೊಂಡಿತು. 1823ರ ಡಿಸೆಂಬರ್ 23ರಂದು ಅಮೆರಿಕದ ಟ್ರಾಯ್ ಪಟ್ಟಣದ ಪತ್ರಿಕೆಯೊಂದರಲ್ಲಿ ಹೆಸರಿಲ್ಲದೆ ಅಚ್ಚಾದ ಕವಿತೆಯಲ್ಲಿ ಚಿಮಣಿಯ ಬಳಿ ತೂಗುಹಾಕಿದ ಕಾಲುಚೀಲಗಳು ಬರುತ್ತವೆ. ಮಕ್ಕಳ ಸ್ವಂತ ಕಾಲುಚೀಲದಲ್ಲಿ ಹಿಡಿಸುವುದು ಒಂದು ಕಿತ್ತಳೆ, ನಾಲ್ಕು ಬಾದಾಮಿ ಅಷ್ಟೇ. ಆಟಿಕೆ ದೊಡ್ಡದಾದಂತೆ ಹಬ್ಬಕ್ಕೆಂದೇ ದೊಡ್ಡ ಚೀಲ ಹೊಲಿಯುವುದು ರೂಢಿಗೆ ಬಂತು.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡ್, ಅಮೆರಿಕಗಳಲ್ಲಿ ಕೈಕೆಲಸದ ಉಡುಗೊರೆ ಮಧ್ಯಮವರ್ಗದ ಮನೆಯ ವಾಡಿಕೆಯಾಯಿತು. ಮಹಿಳಾ ಪತ್ರಿಕೆಗಳು ಚಪ್ಪಲಿಯ ಮೇಲ್ಭಾಗಕ್ಕೆ ಉಣ್ಣೆಯ ಕಸೂತಿ, ಸೂಜಿ ಚುಚ್ಚುವ ಪುಟ್ಟ ದಿಂಬು, ಲೇಖನಿ ಒರೆಸುವ ಬಟ್ಟೆ ಇವುಗಳ ಮಾದರಿಗಳನ್ನು ಅಚ್ಚುಹಾಕುತ್ತಿದ್ದವು. ಇವುಗಳಲ್ಲಿ ಎಷ್ಟೋ ವಸ್ತುಗಳು ಯಾರಿಗೂ ಬೇಕಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಲೂಯಿಸಾ ಮೇ ಆಲ್ಕಾಟ್ ಅವರ 1868ರ ಕಾದಂಬರಿ ‘ಲಿಟಲ್ ವಿಮೆನ್’ನಲ್ಲಿ ಬೇಕಾದದ್ದರ ಒಂದು ಒಳ್ಳೆಯ ಉದಾಹರಣೆಯಿದೆ. ನಾಲ್ವರು ಅಕ್ಕತಂಗಿಯರು ಕ್ರಿಸ್‌ಮಸ್‌ಗೆ ತಾಯಿಗೆ ಉಡುಗೊರೆ ತರುತ್ತಾರೆ. ಬೆತ್ ತಂದದ್ದು ಅಂಚು ಹೊಲಿದ ಕರವಸ್ತ್ರಗಳು. ರೂಢಿಯಂತೆ ಹೆಸರಿನ ಮೊದಲಕ್ಷರಗಳನ್ನು ಹಾಕಿದರೆ ಅಕ್ಕ ಮೆಗ್‌ಳ ಅಕ್ಷರಗಳೂ ಅವೇ ಆಗಿ ಗೊಂದಲವಾದೀತೆಂದು, ಅವಳು ಅವುಗಳ ಮೇಲೆ ‘ಅಮ್ಮ’ ಎಂದೇ ದಾರದಲ್ಲಿ ಬರೆದಿದ್ದಾಳೆ. ಅಕ್ಷರಗಳು ಸ್ವಲ್ಪ ಅಂಕುಡೊಂಕು. ಕೊಂಡ ಕರವಸ್ತ್ರಕ್ಕೆ ಆ ಹೆಸರು ಬರುವುದು ಸಾಧ್ಯವಿರಲಿಲ್ಲ.

ಹಬ್ಬದ ಹೆಣಿಗೆ ಮನೆಯ ಹೊಸಿಲು ದಾಟಿ ಸಾರ್ವಜನಿಕ ಕೆಲಸವಾದದ್ದೂ ಉಂಟು. ನ್ಯೂಯಾರ್ಕಿನಲ್ಲಿ ನಾವಿಕರಿಗಾಗಿ ಇರುವ ಸೀಮೆನ್ಸ್ ಚರ್ಚ್ ಇನ್‌ಸ್ಟಿಟ್ಯೂಟ್ 1898ರಿಂದ ‘ಕ್ರಿಸ್‌ಮಸ್ ಅಟ್ ಸೀ’ ಎಂಬ ಕೆಲಸವನ್ನು ನಡೆಸಿಕೊಂಡು ಬಂದಿದೆ. ದೇಶದ ನಾನಾ ಕಡೆಯ ಸ್ವಯಂಸೇವಕರು ಟೋಪಿ, ಕುತ್ತಿಗೆಪಟ್ಟಿ, ಮಫ್ಲರ್ ಹೆಣೆದು ಕಳಿಸುತ್ತಾರೆ; ಹಬ್ಬದಲ್ಲಿ ಮನೆಯಿಂದ ದೂರವಿರುವ ಹಡಗಿನ ಕೆಲಸಗಾರರಿಗೆ ಅವು ತಲುಪುತ್ತವೆ. ಯುದ್ಧದ ವರ್ಷ 1914ರಲ್ಲಿ ಬ್ರಿಟನ್ನಿನ ರಾಣಿ ಮೇರಿ ಸೈನಿಕರಿಗಾಗಿ 3,00,000 ಜೊತೆ ಕಾಲುಚೀಲ ಬೇಕೆಂದು ದೇಶದ ಹೆಂಗಸರಿಗೆ ಕರೆಕೊಟ್ಟಳು. ಕಂದಕದ ಒದ್ದೆಯಲ್ಲಿ ನಿಂತ ಕಾಲಿಗೆ ಬೆರಳಿನ ಬಳಿಯ ಉಬ್ಬಿದ ಜೋಡಣೆ ಉಜ್ಜಿ ಹುಣ್ಣಾಗುತ್ತದೆ. ಅದನ್ನು ತಪ್ಪಿಸಲು ಸೂಜಿಯಿಂದ ಎರಡು ಸಾಲುಗಳನ್ನು ಗೆರೆಯೇ ಕಾಣದಂತೆ ಬೆಸೆಯುವ ಹೊಲಿಗೆಗೆ ಆಗಿನ ಯುದ್ಧಮಂತ್ರಿ ಕಿಚನರ್‌ನ ಹೆಸರೇ ಉಳಿದುಕೊಂಡಿದೆ.

ಕರ್ನಾಟಕದ ಕ್ರೈಸ್ತ ಮನೆಗಳಿಗೆ ಈ ವಿದ್ಯೆ ಬಂದದ್ದು ಮುಖ್ಯವಾಗಿ ಮಿಷನ್ ಶಾಲೆಗಳ ಮೂಲಕ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ನೇಯ್ಗೆ, ಹಂಚಿನ ಕಾರ್ಖಾನೆಗಳಿಗೆ ಹೆಸರಾಯಿತು. ಅದರ ಹೆಣ್ಣುಮಕ್ಕಳ ಶಾಲೆಗಳಲ್ಲಿ ಹೊಲಿಗೆಯೂ ಪಾಠವಾಗಿತ್ತು. ದಕ್ಷಿಣದಲ್ಲಿ ನಾಗರಕೋಯಿಲ್, ಆಂಧ್ರದಲ್ಲಿ ನರಸಾಪುರ ಲೇಸ್ ಕೆಲಸಕ್ಕೆ ಪ್ರಸಿದ್ಧವಾದದ್ದೂ ಮಿಷನರಿಗಳಿಂದಲೇ. ಆದರೆ ಡಿಸೆಂಬರಿನ ನಡುಹಗಲಲ್ಲೂ 30 ಡಿಗ್ರಿ ದಾಟುವ ಕರಾವಳಿಯಲ್ಲಿ ಉಣ್ಣೆಯ ಸ್ವೆಟರನ್ನು ಉಡುಗೊರೆ ಕೊಡುವುದರಲ್ಲಿ ಅರ್ಥವಿಲ್ಲ. ಅದು ಬೀರು ಸೇರಿ ಹುಳುವಿನ ಪಾಲಾಗುತ್ತದೆ. ಅಲ್ಲಿ ಸಲ್ಲುವುದು ಹತ್ತಿಯ ನೂಲು ಮತ್ತು ಕ್ರೋಶಾ ಕಡ್ಡಿ. ಮಂಗಳೂರಿನ ಕಥೊಲಿಕ ಮನೆಗಳಲ್ಲಿ ಹಬ್ಬಕ್ಕೆ ಕುಸ್ವಾರ್ ಎಂಬ ತಿಂಡಿಗಳನ್ನು ಮಾಡಿ ನೆರೆಹೊರೆಗೆ ತಟ್ಟೆಯಲ್ಲಿ ಹಂಚುವ ಪದ್ಧತಿಯಿದೆ. ಆ ತಟ್ಟೆಗೆ ಹೊದಿಸಲು, ಅಂಚಿಗೆ ಕ್ರೋಶಾ ಕಟ್ಟಿದ ಬಿಳಿಯ ಮಲ್ ಬಟ್ಟೆಯ ಚೌಕವೊಂದನ್ನು ಮಾಡಿಕೊಟ್ಟರೆ ಅದು ವರ್ಷವರ್ಷವೂ ಹೊರಬರುತ್ತದೆ. ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರುಗಳ ಮಾತು ಬೇರೆ. ಅಲ್ಲಿನ ಮುಂಜಾವಿನ ಪೂಜೆಗೆ ಹೊರಡುವ ಅಜ್ಜಿಗೆ ಒಂದು ಶಾಲು, ಮಗುವಿಗೆ ಕುಲಾವಿ ನಿಜಕ್ಕೂ ಬೇಕು. ಲಂಡನ್, ಟೊರಾಂಟೊಗಳಲ್ಲಿರುವ ಮಕ್ಕಳು ಮೊಮ್ಮಕ್ಕಳಿಗಂತೂ ಉಣ್ಣೆಯೇ ಸರಿ.

ಯಾವ ಉಡುಗೊರೆ ಎಂದು ನಿರ್ಧರಿಸುವ ಮೊದಲು ಹೊತ್ತಿನ ಲೆಕ್ಕ ಹಾಕಬೇಕು. ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. ಮಧ್ಯಮ ದಪ್ಪದ ನೂಲಿನಲ್ಲಿ 10 ಸೆಂಟಿಮೀಟರ್ ಅಗಲಕ್ಕೆ 22 ಕುಣಿಕೆ, ಅಷ್ಟೇ ಎತ್ತರಕ್ಕೆ 30 ಸಾಲು ಬರುತ್ತದೆ ಎನ್ನೋಣ. 20 ಸೆಂಟಿಮೀಟರ್ ಅಗಲ, 150 ಸೆಂಟಿಮೀಟರ್ ಉದ್ದದ ಒಂದು ಮಫ್ಲರಿಗೆ 44 ಕುಣಿಕೆಯ 450 ಸಾಲು, ಅಂದರೆ 19,800 ಕುಣಿಕೆ. ನಿಮಿಷಕ್ಕೆ 20 ಕುಣಿಕೆಯಂತೆ ಕೈ ಓಡಿದರೂ ಹದಿನಾರೂವರೆ ಗಂಟೆ ಬೇಕು. ದಿನಕ್ಕೊಂದು ಗಂಟೆ ಸಿಕ್ಕರೆ ಎರಡೂವರೆ ವಾರ. ದೊಡ್ಡವರ ಸ್ವೆಟರಿಗೆ ಸುಮಾರು 60,000 ಕುಣಿಕೆ, ಐವತ್ತು ಗಂಟೆ. ದೊಡ್ಡವರ ಟೋಪಿಯಾದರೆ ಐದಾರು ಗಂಟೆಯಲ್ಲಿ ಮುಗಿಯುತ್ತದೆ. ನೋಡಲು ಸರಳವಾದ ಮಫ್ಲರ್ ಟೋಪಿಗಿಂತ ಮೂರುಪಟ್ಟು ಕೆಲಸ ಎಂಬುದು ಹೊಸಬರಿಗೆ ತಿಳಿದಿರುವುದಿಲ್ಲ. ಹೆಣಿಗೆಯ ಲೋಕದಲ್ಲಿ ದೊಡ್ಡ ಹೆಸರಾದ ಎಲಿಜಬೆತ್ ಝಿಮ್ಮರ್‌ಮನ್ 1974ರಲ್ಲಿ ಬರೆದ ಪಂಚಾಂಗದಂಥ ಪುಸ್ತಕ ತಿಂಗಳಿಗೊಂದು ಅಧ್ಯಾಯದಂತೆ ಸಾಗುತ್ತದೆ. ಅದರಲ್ಲಿ ಮುಂದಿನ ಚಳಿಗಾಲದ ಕೈಗವಸುಗಳು ಬರುವುದು ಮೇ ತಿಂಗಳಿನಲ್ಲಿ. ಡಿಸೆಂಬರಿನ ಅಧ್ಯಾಯ ಕೊನೆಗಳಿಗೆಯ ಅವಸರದ ಸ್ವೆಟರಿಗೆ ಮೀಸಲು. ಅಷ್ಟು ಅನುಭವಿಗೂ ಡಿಸೆಂಬರ್ ಎಂದರೆ ಏನೆಂದು ಗೊತ್ತಿತ್ತು.

ನೂಲಿನ ಆಯ್ಕೆಯಲ್ಲಿ ಬಣ್ಣಕ್ಕಿಂತ ಮೊದಲು ನೋಡಬೇಕಾದದ್ದು ಅದು ಯಾವುದರಿಂದ ಆದದ್ದು ಎಂಬುದನ್ನು. ನಮ್ಮ ಅಂಗಡಿಗಳಲ್ಲಿ ‘ಉಲ್ಲನ್’ ಎಂದು ಸಿಗುವುದು ಅನೇಕ ವೇಳೆ ಅಕ್ರಿಲಿಕ್. ಅದು ಅಗ್ಗ, ಬಣ್ಣ ಬಿಡುವುದಿಲ್ಲ, ಯಂತ್ರದಲ್ಲಿ ಒಗೆಯಬಹುದು, ಹುಳು ಹಿಡಿಯುವುದಿಲ್ಲ. ಮಕ್ಕಳ ಬಟ್ಟೆಗೆ ಇವೆಲ್ಲ ಒಳ್ಳೆಯ ಗುಣಗಳೇ. ಆದರೆ ಬೆವರು ಹೀರುವುದಿಲ್ಲ, ಬಿಸಿ ತಗಲಿದರೆ ಕರಗುತ್ತದೆ. ಅಪ್ಪಟ ಉಣ್ಣೆ ಎಳೆದರೆ ಹಿಗ್ಗಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ, ಒದ್ದೆಯಾದರೂ ಬೆಚ್ಚಗಿಡುತ್ತದೆ. ಅದರ ಎಳೆಯ ಮೈತುಂಬ ಸೂಕ್ಷ್ಮವಾದ ಹುರುಪೆಗಳಿರುತ್ತವೆ. ಬಿಸಿನೀರಿನಲ್ಲಿ ಉಜ್ಜಿ ಒಗೆದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು, ದೊಡ್ಡವರ ಸ್ವೆಟರ್ ಮಗುವಿಗೆ ಹಿಡಿಸುವಷ್ಟು ಕುಗ್ಗಿಬಿಡುತ್ತದೆ. ಚಳ್ಳಕೆರೆಯ ಕಂಬಳಿಗೆ ಬಳಸುವ ದಖನಿ ಕುರಿಯ ಉಣ್ಣೆ ಗಟ್ಟಿ, ಬಾಳಿಕೆಯದು. ಆದರೆ ಒರಟು, ಕತ್ತಿಗೆ ಸುತ್ತಿಕೊಳ್ಳುವಂಥದಲ್ಲ. ಹತ್ತಿಯ ನೂಲು ತಂಪು, ಬಿಸಿಯನ್ನು ತಡೆಯುತ್ತದೆ, ಆದರೆ ಹಿಗ್ಗಿದರೆ ಹಿಗ್ಗಿದಂತೆಯೇ ಉಳಿಯುತ್ತದೆ. ಉಂಡೆಯ ಪಟ್ಟಿಯ ಮೇಲೆ ಬಣ್ಣದ ಸಂಖ್ಯೆಯ ಜೊತೆಗೆ ಲಾಟ್ ಸಂಖ್ಯೆಯೂ ಇರುತ್ತದೆ. ಒಂದೇ ಬಣ್ಣ, ಬೇರೆ ಲಾಟ್ ಆದರೆ ಅಂಗಡಿಯ ದೀಪದಲ್ಲಿ ಕಾಣದ ವ್ಯತ್ಯಾಸ ಬಿಸಿಲಿನಲ್ಲಿ ಪಟ್ಟೆಯಾಗಿ ಎದ್ದು ಕಾಣುತ್ತದೆ. ಬೇಕಾದದ್ದಕ್ಕಿಂತ ಒಂದು ಉಂಡೆ ಹೆಚ್ಚಾಗಿಯೇ ತರುವುದು ಲೇಸು.

ಕಡ್ಡಿಯ ಸಂಖ್ಯೆಯಲ್ಲಿ ಒಂದು ತೊಡಕಿದೆ. ಭಾರತದಲ್ಲಿ ಹಳೆಯ ಬ್ರಿಟಿಷ್ ಲೆಕ್ಕ ಇನ್ನೂ ನಡೆಯುತ್ತದೆ: ಸಂಖ್ಯೆ ಹೆಚ್ಚಾದಷ್ಟೂ ಕಡ್ಡಿ ಸಣ್ಣ. ಎಂಟನೆಯ ನಂಬರ್ 4 ಮಿಲಿಮೀಟರ್, ಹತ್ತು 3.25, ಹನ್ನೆರಡು 2.75. ಅಮೆರಿಕದ ಲೆಕ್ಕ ಇದಕ್ಕೆ ತಿರುಗುಮುರುಗು. ಅಲ್ಲಿ ಎಂಟು ಎಂದರೆ 5 ಮಿಲಿಮೀಟರ್. ಅಮೆರಿಕದ ಮಾದರಿಯನ್ನು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಕೊಂಡ ಎಂಟನೆಯ ನಂಬರಿನ ಕಡ್ಡಿಯಲ್ಲಿ ಹೆಣೆದರೆ ಅಳತೆ ಕೆಡುವುದು ಖಂಡಿತ. ಮಿಲಿಮೀಟರನ್ನೇ ನಂಬಬೇಕು. ಅದಕ್ಕೂ ಮಿಗಿಲಾಗಿ, 10 ಸೆಂಟಿಮೀಟರಿಗಿಂತ ಕೊಂಚ ದೊಡ್ಡದಾದ ಒಂದು ಚೌಕ ಹೆಣೆದು, ಒಗೆದು, ಒಣಗಿಸಿ, ನಡುಭಾಗದ ಕುಣಿಕೆಗಳನ್ನು ಎಣಿಸಬೇಕು. ಇದನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ, ಹೆಚ್ಚಿನವರು ಬಿಟ್ಟುಬಿಡುತ್ತಾರೆ.

ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಟೋಪಿಯೇ ಸಾಕ್ಷಿ. ದೊಡ್ಡವರ ತಲೆಯ ಸುತ್ತಳತೆ ಸುಮಾರು 56 ಸೆಂಟಿಮೀಟರ್. ಹೆಣಿಗೆ ಹಿಗ್ಗುವುದರಿಂದ ಟೋಪಿ ಐದು ಸೆಂಟಿಮೀಟರ್ ಕಡಿಮೆಯಿರಬೇಕು. 10 ಸೆಂಟಿಮೀಟರಿಗೆ 22 ಕುಣಿಕೆಯಂತೆ 112 ಕುಣಿಕೆ ಹಾಕಿದರೆ ಸರಿಯಾಗಿ 51 ಸೆಂಟಿಮೀಟರ್. ಕೈ ಸಡಿಲವಾಗಿ 20 ಕುಣಿಕೆ ಬಂದರೆ ಅದೇ 112 ಕುಣಿಕೆ 56 ಸೆಂಟಿಮೀಟರಾಗಿ, ಟೋಪಿ ಹುಬ್ಬಿನ ಮೇಲೆ ಜಾರುತ್ತದೆ. ಅಳತೆ ಕೂಡಿಬಂದರೆ ಮುಂದಿನ ಕೆಲಸ ಸಲೀಸು. ಅಂಚಿಗೆ ಎರಡು ಸೀದಾ, ಎರಡು ಉಲ್ಟಾ ಕುಣಿಕೆಗಳನ್ನು ಅದಲುಬದಲಾಗಿ ನಾಲ್ಕೈದು ಸೆಂಟಿಮೀಟರ್ ಹೆಣೆದರೆ ಅದು ಕಿವಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಅಲ್ಲಿಂದ ಬರೀ ಸೀದಾ ಹೆಣಿಗೆಯಲ್ಲಿ ಒಟ್ಟು 15 ಸೆಂಟಿಮೀಟರ್ ತಲುಪಿದ ಮೇಲೆ, 112ನ್ನು ಎಂಟು ಭಾಗ ಮಾಡಿ, ಪ್ರತಿ ಭಾಗದ ಕೊನೆಯಲ್ಲಿ ಎರಡು ಕುಣಿಕೆಗಳನ್ನು ಒಟ್ಟಿಗೆ ಹೆಣೆಯಬೇಕು. ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಹೀಗೆ ಎಂಟೆಂಟು ಕಡಿಮೆಯಾಗುತ್ತಾ, ನೆತ್ತಿಯಲ್ಲಿ ಎಂಟು ಕುಣಿಕೆ ಉಳಿಯುತ್ತವೆ. ನೂಲನ್ನು ಕತ್ತರಿಸಿ, ಸೂಜಿಯಿಂದ ಅವುಗಳೊಳಗೆ ತೂರಿಸಿ ಬಿಗಿದರೆ ಟೋಪಿ ಮುಗಿಯಿತು.

ಕೂಸಿನ ಕುಲಾವಿ, ಕಾಲುಚೀಲಗಳು ಒಂದೆರಡು ಸಂಜೆಯ ಕೆಲಸ. ಅಲ್ಲಿ ಎಚ್ಚರ ಬೇಕಾದದ್ದು ಬೇರೆಯದಕ್ಕೆ. ಕುತ್ತಿಗೆಯ ಬಳಿ ಉದ್ದದ ದಾರ, ಲಾಡಿ ಬಿಡಬಾರದು. ಮೂರು ವರ್ಷದೊಳಗಿನ ಮಕ್ಕಳ ಗೊಂಬೆಗೆ ಗುಂಡಿಯ ಕಣ್ಣು ಹಚ್ಚದೆ ದಾರದಲ್ಲೇ ಕಣ್ಣು ಬರೆಯಬೇಕು; ಕಿತ್ತ ಗುಂಡಿ ನೇರ ಬಾಯಿಗೆ ಹೋಗುತ್ತದೆ. ಉಣ್ಣೆಯ ಕುಚ್ಚು ಹಚ್ಚುವುದಿದ್ದರೆ ಗಟ್ಟಿಯಾಗಿ ಬಿಗಿಯಬೇಕು. ಇನ್ನು ಉಳಿದ ನೂಲಿನ ತುಣುಕುಗಳಿಗೆ ನಾರ್ವೆಯಲ್ಲಿ ನೆಲೆಸಿ ಕೆಲಸ ಮಾಡುವ ಆರ್ನೆ ಮತ್ತು ಕಾರ್ಲೋಸ್ ಎಂಬ ಜೋಡಿ ಒಂದು ದಾರಿ ತೋರಿಸಿದೆ. ಸೆಲ್ಬುವಿನಂಥ ಚಿತ್ತಾರಗಳನ್ನು ಕೆಂಪು ಬಿಳಿಯಲ್ಲಿ ಪುಟ್ಟ ಚೆಂಡುಗಳ ಮೇಲೆ ಹೆಣೆದು ಹತ್ತಿ ತುಂಬುವ ಅವರ ಪುಸ್ತಕ 2010ರಲ್ಲಿ ಬಂದು ಜಗತ್ತಿಗೆಲ್ಲ ಹಬ್ಬಿತು. ಕ್ರಿಸ್‌ಮಸ್ ಮರಕ್ಕೆ ಕಟ್ಟುವ ಈ ಚೆಂಡುಗಳಿಗೆ ಯಾರ ಮೈಯಳತೆಯೂ ಬೇಡ. ಕಾಲುಚೀಲದ ಜೊತೆಯಲ್ಲಿ ಎರಡನೆಯದು ಕೊನೆಗಾಣದೆ ಉಳಿಯುವ ಹಳೆಯ ಕಾಯಿಲೆಗೂ ಇದೇ ಮದ್ದು: ಒಂಟಿ ವಸ್ತುವನ್ನೇ ಆರಿಸುವುದು.

ಹೊಲಿಗೆಯ ಉಡುಗೊರೆಗಳು ಹೆಣಿಗೆಗಿಂತ ಬೇಗ ಆಗುತ್ತವೆ. ಯಂತ್ರವಿದ್ದರೆ ಒಂದು ಮಧ್ಯಾಹ್ನಕ್ಕೆ ಮೂರ್ನಾಲ್ಕು. ಕತ್ತರಿ ಹಾಕುವ ಮೊದಲು ಹತ್ತಿಬಟ್ಟೆಯನ್ನು ನೆನೆಸಿ ಒಣಗಿಸಿ ಇಸ್ತ್ರಿ ಮಾಡಬೇಕು. ಇಲ್ಲದಿದ್ದರೆ ಹೊಲಿದ ಮೇಲೆ ಮೊದಲ ಒಗೆತಕ್ಕೇ ಬಟ್ಟೆ ಕುಗ್ಗಿ ಹೊಲಿಗೆಯ ಸಾಲು ಸುಕ್ಕಾಗುತ್ತದೆ. ಹಾಸು ಹೊಕ್ಕುಗಳಿಗೆ ನೇರವಾಗಿ ಗೆರೆ ಎಳೆದು ಕತ್ತರಿಸಿದರೆ ಅಂಚು ಜೋಲುವುದಿಲ್ಲ. ಪ್ರತಿ ಹೊಲಿಗೆಯ ನಂತರ ಇಸ್ತ್ರಿ ಮುಟ್ಟಿಸುವುದೇ ಟೈಲರ್ ಅಂಗಡಿಯ ಕೆಲಸಕ್ಕೂ ಮನೆಯ ಕೆಲಸಕ್ಕೂ ಇರುವ ದೊಡ್ಡ ವ್ಯತ್ಯಾಸ.

ತೂಗುಹಾಕುವ ಕಾಲುಚೀಲಕ್ಕೆ ಫೆಲ್ಟ್ ಬಟ್ಟೆ ಎಲ್ಲಕ್ಕಿಂತ ಅನುಕೂಲ; ನೇಯ್ದದ್ದಲ್ಲವಾದ್ದರಿಂದ ಅಂಚು ಬಿಚ್ಚಿಕೊಳ್ಳುವುದಿಲ್ಲ, ಹೆಮ್ಮಿಂಗ್ ಬೇಡ. ಕಾಗದದಲ್ಲಿ 40 ಸೆಂಟಿಮೀಟರ್ ಎತ್ತರದ ಆಕಾರ ಬರೆದು, ಬಟ್ಟೆಯನ್ನು ಎರಡು ಮಡಿಕೆ ಮಾಡಿ ಒಟ್ಟಿಗೇ ಕತ್ತರಿಸಬೇಕು. ಹೆಸರು ಅಥವಾ ನಕ್ಷತ್ರವನ್ನು ಜೋಡಿಸುವ ಮೊದಲೇ ಕಸೂತಿ ಮಾಡಿ ಮುಗಿಸಬೇಕು. ಚೀಲವಾದ ಮೇಲೆ ಒಳಗೆ ಕೈ ಹೋಗುವುದಿಲ್ಲ. ಹೊಲಿದ ಮೇಲೆ ಹಿಮ್ಮಡಿ, ಪಾದದ ತಿರುವುಗಳಲ್ಲಿ ಹೊಲಿಗೆಗೆ ತಾಗದಂತೆ ಸಣ್ಣ ಕತ್ತರಿಗೆರೆ ಕೊಟ್ಟು ಮಗುಚಿದರೆ ತಿರುವು ನುಣುಪಾಗಿ ಕೂರುತ್ತದೆ.

ಕುಶನ್ ಗವಸಿಗೆ ಜಿಪ್ ಬೇಕಿಲ್ಲ. 40 ಸೆಂಟಿಮೀಟರಿನ ದಿಂಬಿಗೆ ಮುಂಭಾಗ 42 ಸೆಂಟಿಮೀಟರ್ ಚೌಕ. ಹಿಂಭಾಗಕ್ಕೆ 42ಕ್ಕೆ 28ರ ಎರಡು ತುಂಡು. ಎರಡರಲ್ಲೂ ಒಂದೊಂದು ಉದ್ದದ ಅಂಚನ್ನು ಒಂದು ಸೆಂಟಿಮೀಟರಿನಂತೆ ಎರಡು ಸಲ ಮಡಿಸಿ ಹೊಲಿದರೆ 26 ಉಳಿಯುತ್ತದೆ. ಮುಂಭಾಗದ ಮೇಲೆ ಇವನ್ನು ಹರಡಿದಾಗ ನಡುವೆ 10 ಸೆಂಟಿಮೀಟರ್ ಒಂದರ ಮೇಲೊಂದು ಬರುತ್ತದೆ. ಸುತ್ತಲೂ ಒಂದು ಸೆಂಟಿಮೀಟರ್ ಒಳಗೆ ಹೊಲಿದು, ಮೂಲೆ ಕತ್ತರಿಸಿ ಮಗುಚಿದರೆ ಆಯಿತು. ಅಡುಗೆಮನೆಗೆ ಬಿಸಿಪಾತ್ರೆ ಹಿಡಿಯುವ ಬಟ್ಟೆ ಹೊಲಿಯುವುದಾದರೆ ಒಳಗೂ ಹೊರಗೂ ಅಪ್ಪಟ ಹತ್ತಿಯೇ ಇರಬೇಕು. ಹಳೆಯ ಟರ್ಕಿ ಟವೆಲಿನ ಎರಡು ಪದರ ಒಳಗಿಟ್ಟರೆ ಸಾಕು. ಪಾಲಿಯೆಸ್ಟರ್ ತುಂಬಿದ್ದು ಬಿಸಿ ಬಾಣಲೆಗೆ ಕರಗಿ ಅಂಟೀತು.

ಹಳೆಯ ಬಟ್ಟೆಯಿಂದಲೇ ಮಾಡುವ ಉಡುಗೊರೆಗಳಲ್ಲಿ ಕರ್ನಾಟಕದ್ದೇ ಆದ ಒಂದು ಬಗೆ ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿ. ಆಫ್ರಿಕಾ ಮೂಲದ ಈ ಜನ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳ ಕಾಡಂಚಿನ ಹಳ್ಳಿಗಳಲ್ಲಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರೂ ಇದ್ದಾರೆ. ತಳಕ್ಕೆ ಹಳೆಯ ಸೀರೆ ಹಾಸಿ, ಅದರ ಮೇಲೆ ಒಂದು ಮೂಲೆಯಿಂದ ತುಂಡುಬಟ್ಟೆಗಳನ್ನು ಜೋಡಿಸುತ್ತಾ, ಅಂಚಿನ ಗುಂಟ ಉದ್ದುದ್ದ ಕೈಹೊಲಿಗೆ ಹಾಕುತ್ತಾ ಸುತ್ತುಸುತ್ತಾಗಿ ನಡುವಿನತ್ತ ಸಾಗುವುದು ಇದರ ಕ್ರಮ. ಮೊದಲು ತುಂಡುಗಳನ್ನೆಲ್ಲ ಕೂಡಿಸಿ ಆಮೇಲೆ ಪದರ ಸೇರಿಸುವ ಪಶ್ಚಿಮದ ಪದ್ಧತಿಗೆ ಇದು ಪೂರ್ತಿ ವಿರುದ್ಧ. ನಾಲ್ಕು ಮೂಲೆಗೂ ಮಡಿಸಿದ ತ್ರಿಕೋನದ ‘ಫೂಲ’ ಇರಲೇಬೇಕು. ಅದಿಲ್ಲದ ಕೌದಿ ಬೆತ್ತಲೆ ಎನ್ನುತ್ತಾರೆ. ಕ್ರೈಸ್ತ ಸಿದ್ದಿಯರ ಕೆಲವು ಕೌದಿಗಳಲ್ಲಿ ತುಂಡುಬಟ್ಟೆಯ ಶಿಲುಬೆಗಳು ಕಾಣುತ್ತವೆ. ತೊಟ್ಟಿಲ ಮಗುವಿಗೆ ಪುಟ್ಟ ಕೌದಿಯನ್ನೂ ಹೊಲಿಯುತ್ತಾರೆ. ಕ್ರಿಸ್‌ಮಸ್ ಉಡುಗೊರೆಗೆ ಹೊರದೇಶದ ಕ್ವಿಲ್ಟ್ ಪುಸ್ತಕ ತೆರೆಯುವ ಕನ್ನಡ ಮನೆಗಳು ಈ ಕೌದಿಯನ್ನು ಒಮ್ಮೆ ನೋಡಬೇಕು. ಅಮ್ಮನ ಹಳೆಯ ಹತ್ತಿ ಸೀರೆ, ಅಣ್ಣನ ಅಂಗಿ, ಅಜ್ಜನ ಪಂಚೆ ಸೇರಿದ ಹೊದಿಕೆ ಬೆಲೆಗೆ ಸಿಗುವ ವಸ್ತುವಲ್ಲ.

ಕೆಲಸ ಮುಗಿದ ಮೇಲಿನ ಒಂದು ಗಂಟೆ ಉಡುಗೊರೆಯ ಮುಖವನ್ನೇ ಬದಲಿಸುತ್ತದೆ. ಹೆಣಿಗೆಯ ನೂಲಿನ ತುದಿಗಳಿಗೆ ಗಂಟು ಹಾಕಿ ಕತ್ತರಿಸಿದರೆ ಗಂಟು ಬಿಚ್ಚಿಕೊಳ್ಳುತ್ತದೆ. ಮೊಂಡು ಸೂಜಿಯಿಂದ ಐದಾರು ಸೆಂಟಿಮೀಟರ್ ಹಿಂಬದಿಯ ಕುಣಿಕೆಗಳಲ್ಲಿ ತೂರಿಸಿ, ದಿಕ್ಕು ತಿರುಗಿಸಿ ಮತ್ತೆ ತೂರಿಸಬೇಕು. ಉಣ್ಣೆಯ ವಸ್ತುವನ್ನು ತಣ್ಣೀರಿನಲ್ಲಿ ನೆನೆಸಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಚಪ್ಪಟೆಯಾಗಿ ಹರಡಿ ಒಣಗಿಸಬೇಕು. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಉದ್ದಕ್ಕೆ ಜೋಲುತ್ತದೆ. ಒಣಗಿದಾಗ ಅಂಕುಡೊಂಕು ಕುಣಿಕೆಗಳೆಲ್ಲ ಸಮನಾಗಿ ಕೂತಿರುತ್ತವೆ. ಅಕ್ರಿಲಿಕ್ ಮೇಲೆ ಇಸ್ತ್ರಿ ಇಡಬಾರದು. ಸುತ್ತಲು ಬಣ್ಣದ ಕಾಗದದ ಬದಲು ಉಳಿದ ಬಟ್ಟೆಯಲ್ಲಿ ಲಾಡಿ ಹಾಕಿದ ಚೀಲ ಹೊಲಿದರೆ ಅದೇ ಎರಡನೆಯ ಉಡುಗೊರೆ. ಒಳಗೆ ಒಂದು ಚೀಟಿ ಇರಲಿ: ನೂಲು ಯಾವುದು, ಹೇಗೆ ಒಗೆಯಬೇಕು, ಇಸ್ತ್ರಿ ಮಾಡಬಹುದೋ ಇಲ್ಲವೋ. ಜೊತೆಗೆ ಒಂದು ಮೊಳ ನೂಲು, ಒಂದು ಗುಂಡಿ ಇಟ್ಟರೆ ಹರಿದಾಗ ಪಡೆದವರು ಅಂಗಡಿ ಅಲೆಯಬೇಕಾಗುವುದಿಲ್ಲ.

ಚರ್ಚುಗಳು ಹಬ್ಬಕ್ಕೆ ಅಣಿಯಾಗುವ ಆಗಮನ ಕಾಲ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕನೆಯ ಭಾನುವಾರ, ಅಂದರೆ ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಶುರುವಾಗುತ್ತದೆ. ಹೊರದೇಶಕ್ಕೆ ಹೋಗಬೇಕಾದ ಪಾರ್ಸೆಲ್ ಅಷ್ಟರೊಳಗೆ ಅಂಚೆಯಲ್ಲಿರಬೇಕು. ಆ ಭಾನುವಾರದ ಮೇಲೆ ಹೊಸದಾಗಿ ಕಡ್ಡಿ ಹಿಡಿಯುವವರು ಟೋಪಿ, ಕುಲಾವಿ, ಕುಶನ್ ಗವಸು ಇಷ್ಟಕ್ಕೇ ಕೈಹಾಕಲಿ. ಸ್ವೆಟರಿನ ಮೊದಲ ಸಾಲನ್ನು ಜನವರಿಯಲ್ಲಿ ಹಾಕಲಿ.